ದೊಡ್ಡಮ್ಮ ಮತ್ತು ಟ್ಯಾಂಕಿ ತಿರುವು

ನಮ್ಮ ದೊಡ್ಡಮ್ಮ ಕೂತಾಗ ಅವಳ ಪಾದ ನೆಲಕ್ಕೆ ತಾಗುವಂಥ ಕುರ್ಚಿ ಈ ಪ್ರಪಂಚದಲ್ಲಿ ಒಂದೇ ಒಂದು ಇದೆ. ಅದು ಅವಳ ಮನೆಯ ಕಿಟಕಿಯ ಪಕ್ಕದಲ್ಲಿದೆ. ಮಾಡಿದವರು ದೊಡ್ಡಪ್ಪ. ಅವರು ಬಡಗಿ, ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಒಡವೆ ತರುವ ಬದಲು ಕುರ್ಚಿ ತಂದರು. ಅಳತೆ ಪಟ್ಟಿ ಹಿಡಿಯದೆ ಮಾಡಿದ ಕುರ್ಚಿ, ಆದರೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆಗಲಿಲ್ಲ. ಅವಳ ಕಾಲಿನ ಅಳತೆ ಅವರಿಗೆ ಮೊದಲೇ ಬಾಯಿಪಾಠವಾಗಿತ್ತು. ಮದುವೆಗೆ ಮೊದಲೇ ಕಾಲಳತೆ ಗೊತ್ತಿದ್ದದ್ದು ಹೇಗೆ ಎಂದು ಹುಬ್ಬೇರಿಸುವವರು ಸ್ವಲ್ಪ ತಾಳಬೇಕು.

ಉಳಿದಂತೆ ಬಸ್ಸಿನ ಸೀಟು, ಆಸ್ಪತ್ರೆಯ ಬೆಂಚು, ಹಲ್ಲಿನ ಡಾಕ್ಟರ ಕುರ್ಚಿ, ಎಲ್ಲ ಕಡೆಯೂ ಅವಳ ಕಾಲು ಒಂದನೇ ತರಗತಿಯ ಮಗುವಿನ ಹಾಗೆ ತೂಗಾಡುತ್ತದೆ. ಇಂಥವಳು ನಮ್ಮ ಊರಿನ ಮೊದಲ ರೇಸ್ ಚಾಲಕಿ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಅವಳ ಮುಖ ನೋಡಿ ಆ ನಗುವನ್ನು ಕೆಮ್ಮಾಗಿ ಬದಲಾಯಿಸಿಕೊಳ್ಳುತ್ತಾರೆ.

ಅವಳ ಅಪ್ಪ, ಅಂದರೆ ನನ್ನ ಅಜ್ಜ, ಗ್ಯಾರೇಜ್ ಇಟ್ಟಿದ್ದರು. ಕೆಳಗೆ ಗ್ಯಾರೇಜು, ಮೇಲೆ ಮನೆ. ಒಗೆದ ಬಟ್ಟೆಗೂ ಗ್ರೀಸಿನ ವಾಸನೆ. ಇಬ್ಬರು ಹೆಣ್ಣುಮಕ್ಕಳು: ದೊಡ್ಡವಳು ದೊಡ್ಡಮ್ಮ, ಚಿಕ್ಕವಳು ನನ್ನ ಅಮ್ಮ. ಇಬ್ಬರೂ ಒಂದೇ ಹೊಗೆ ಕುಡಿದು ಬೆಳೆದವರು. ಆದರೆ ಅಮ್ಮ ಇವತ್ತಿಗೂ ಎಸ್ಕಲೇಟರ್ ಹತ್ತುವುದಿಲ್ಲ, ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾಳೆ. ನಮ್ಮ ವಂಶದ ಧೈರ್ಯವನ್ನೆಲ್ಲ ಅಕ್ಕ ಒಬ್ಬಳೇ ತೆಗೆದುಕೊಂಡು ಹೋದಳು, ನನಗೆ ತಳ ಕೆರೆದರೂ ಸಿಗಲಿಲ್ಲ ಎಂದು ಅಮ್ಮ ದೂರುತ್ತಾಳೆ.

ಗ್ಯಾರೇಜಿನ ಅಂಗಳ ಚಿಕ್ಕದು, ನಿಂತ ಕಾರುಗಳು ಹೆಚ್ಚು. ಒಳಗಿನದು ಹೊರಗೆ ಬರಬೇಕಾದರೆ ಮುಂದಿನವನ್ನೆಲ್ಲ ಸರಿಸಬೇಕು. ಆ ಕೆಲಸ ದೊಡ್ಡಮ್ಮನ ಪಾಲಿಗೆ ಬಂತು. ಹೀಗಾಗಿ ಅವಳು ಮೊದಲು ಕಲಿತದ್ದು ರಿವರ್ಸ್. ಕಾರು ಮುಂದಕ್ಕೂ ಹೋಗುತ್ತದೆ ಎಂಬುದು ಅವಳಿಗೆ ಎಷ್ಟೋ ದಿನಗಳ ಮೇಲೆ ಗೊತ್ತಾದದ್ದು ಎಂದು ಅಜ್ಜ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಸೀಟಿನ ತುದಿಯಲ್ಲಿ ನಿಂತೂ ಅಲ್ಲದ ಕೂತೂ ಅಲ್ಲದ ಭಂಗಿಯಲ್ಲಿ, ಸ್ಟೀರಿಂಗಿಗೆ ಜೋತುಬಿದ್ದು, ಗೋಡೆಗೂ ಬಂಪರಿಗೂ ಬೆರಳು ತೂರದಷ್ಟು ಜಾಗ ಬಿಟ್ಟು ಅವಳು ಕಾರು ನಿಲ್ಲಿಸುತ್ತಿದ್ದಳಂತೆ.

ಊರಾಚೆ ಒಂದು ಹಳೇ ವಿಮಾನ ನಿಲ್ದಾಣ. ವಿಮಾನಗಳು ಅದನ್ನು ಮರೆತು ಬಹಳ ಕಾಲವಾಗಿತ್ತು. ಅಲ್ಲಿ ಮೋಟಾರ್ ಕ್ಲಬ್ಬಿನವರು ರಜಾದಿನ ರೇಸ್ ನಡೆಸುತ್ತಿದ್ದರು. ಗಿರಾಕಿಯೊಬ್ಬ ರಿಪೇರಿಗೆಂದು ಬಿಟ್ಟು, ಮರಳಿ ಬಾರದೆ ಹೋದ, ಮೇಲ್ಛಾವಣಿಯಿಲ್ಲದ ಒಂದು ಕಾರು ಅಜ್ಜನ ಅಂಗಳದಲ್ಲಿ ಬಿದ್ದಿತ್ತು. ಅಪ್ಪ ಮಗಳು ಸೇರಿ ಅದರ ಹಿಂದಿನ ಸೀಟು ಕಿತ್ತರು, ಗಾಜು ಕಿತ್ತರು, ಕಿತ್ತುಹಾಕಲು ಬರುವುದನ್ನೆಲ್ಲ ಕಿತ್ತು, ಚಾಲಕರ ಸೀಟನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದರು. ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ಬಳಿದರು. ಅಜ್ಜ ಕ್ಲಬ್ಬಿಗೆ ಹೋಗಿ ಹೆಸರು ಬರೆಸಿದರು.

“ಓಡಿಸೋರು ಯಾರು?”

“ನನ್ನ ಮಗಳು.”

“ರೇಸಲ್ಲಾ?”

“ಅಲ್ದೆ ಮತ್ತೆ, ನಿಮ್ಮ ಹಜಾರದಲ್ಲಾ?”

ಕ್ಲಬ್ಬಿನವರು ನಿಯಮಗಳನ್ನು ತಿರುವಿಹಾಕಿದರು. ಹೆಂಗಸರು ಓಡಿಸಬಾರದು ಎಂದು ಎಲ್ಲೂ ಇರಲಿಲ್ಲ. ಒಂಟೆ ಓಡಿಸಬಾರದು ಎಂದೂ ಇರಲಿಲ್ಲ. ಬರೆದವರು ಎರಡನ್ನೂ ಊಹಿಸಿರಲಿಲ್ಲ.

ಆದರೆ ಅಂಗಳದಲ್ಲಿ ಕಾರು ಸರಿಸುವುದು ಬೇರೆ, ರೇಸ್ ಬೇರೆ. ಬೆನ್ನಿಗೆ ದಿಂಬು ಇಟ್ಟು ನೋಡಿದರು. ಜೋರಾಗಿ ಬ್ರೇಕ್ ಒತ್ತಿದರೆ ದಿಂಬು ಮೇಲೆ, ದೊಡ್ಡಮ್ಮ ಸ್ಟೀರಿಂಗಿನ ಕೆಳಗೆ ಮಾಯ. ಹೊರಗಿನಿಂದ ನೋಡಿದವರಿಗೆ ಕಾರನ್ನು ದಿಂಬೇ ಓಡಿಸುತ್ತಿರುವ ಹಾಗೆ ಕಾಣುತ್ತಿತ್ತು. ಆ ಹೊತ್ತಿಗೆ ಗ್ಯಾರೇಜಿನ ಬಾಗಿಲು ಸರಿಮಾಡಲು ಬಂದಿದ್ದ ಬಡಗಿ, ಉಳಿ ಕೆಳಗಿಟ್ಟು ಇದನ್ನು ನೋಡುತ್ತ ನಿಂತ. ಆಗಿನ್ನೂ ಅವರು ನಮಗೆ ದೊಡ್ಡಪ್ಪ ಆಗಿರಲಿಲ್ಲವಾದ್ದರಿಂದ ಏಕವಚನಕ್ಕೆ ಕ್ಷಮೆ ಇರಲಿ.

“ಕಾಲು ಗಿಡ್ಡ ಅಂತ ಯಾಕೆ ಒದ್ದಾಡ್ತೀರಿ? ಪೆಡಲ್ ಉದ್ದ ಮಾಡಿದ್ರಾಯ್ತಲ್ಲ” ಎಂದ.

“ನಿಮಗೆ ಕಾರು ಓಡಿಸೋಕೆ ಬರುತ್ತೇನ್ರೀ?” ದೊಡ್ಡಮ್ಮ ಕೇಳಿದಳು.

“ಇಲ್ಲಪ್ಪ. ಇಳಿಜಾರು ಬಂದ್ರೆ ನಾನು ಸೈಕಲ್ಲೂ ಇಳ್ದು ತಳ್ಕೊಂಡು ಹೋಗೋನು.”

ಅಷ್ಟು ಹೇಳಿ ಅಳತೆ ಪಟ್ಟಿ ತೆಗೆದು ಕಾಲಬುಡದಲ್ಲಿ ಕೂತ.

“ಏನ್ರೀ ಇದು, ಶವದ ಪೆಟ್ಟಿಗೆಗೆ ಅಳತೆ ತಗೊಳ್ತಿದ್ದೀರಾ?”

“ಅದಕ್ಕೆ ಪೂರ್ತಿ ಉದ್ದ ಬೇಕಾಗುತ್ತೆ. ಇದಕ್ಕೆ ಮೊಣಕಾಲಿಂದ ಕೆಳಗೆ ಸಾಕು.”

ಗಟ್ಟಿ ಮರದ ತುಂಡುಗಳು. ಪೆಡಲಿನ ಮೇಲೆ ಟೋಪಿಯ ಹಾಗೆ ಕೂರುವಂತೆ ಒಳಗೆ ಕೊರೆದದ್ದು. ಜಾರದಿರಲೆಂದು ಮೇಲೆ ಹಳೇ ಬೂಟಿನ ಅಟ್ಟೆ ಅಂಟಿಸಿ, ಹಿಂದಿನಿಂದ ಪಟ್ಟಿ ಬಿಗಿದದ್ದು. ಬ್ರೇಕಿನದಕ್ಕೆ ಒಂದು ಕಡೆ ಚೂರು ಓರೆ, ಯಾಕೆಂದರೆ ದೊಡ್ಡಮ್ಮ ಪಾದದ ಅಂಚಿನಿಂದ ಒತ್ತುತ್ತಿದ್ದಳು. ಎಡಗಾಲಿನದು, ಕ್ಲಚ್ಚಿನದು, ಸ್ವಲ್ಪ ಹೆಚ್ಚು ಎತ್ತರ. “ಎಡಗಾಲು ಬಲಗಾಲಿಗಿಂತ ಒಂದು ನೂಲು ಗಿಡ್ಡ ಇದೆ ನಿಮಗೆ” ಎಂದನಂತೆ. ಹುಟ್ಟಿದಾಗಿನಿಂದ ಆ ಕಾಲಿನ ಮೇಲೆಯೇ ನಡೆದಾಡಿದವಳಿಗೆ ಅದು ಗೊತ್ತಿರಲಿಲ್ಲ. ಇಂಥ ವಿಷಯವನ್ನು ಕಂಡುಹಿಡಿದ ಗಂಡಸನ್ನು ಮದುವೆಯಾಗದೆ ಅಕ್ಕನಿಗೆ ಬೇರೆ ದಾರಿ ಇರಲಿಲ್ಲ ಎಂಬುದು ಅಮ್ಮನ ಅಭಿಪ್ರಾಯ. ಅಜ್ಜ ಆ ಮರದ ತುಂಡುಗಳಿಗೆ ಪಾದುಕೆ ಎಂದು ಹೆಸರಿಟ್ಟರು.

ಜೊತೆಗೊಂದು ಸ್ಟೂಲನ್ನೂ ದೊಡ್ಡಪ್ಪ ಮಾಡಿದರು. ಕಾರಿನ ಬಾಗಿಲಿಗೆ ಬೆಸುಗೆ ಹಾಕಿ ಮುಚ್ಚಿದ್ದರಿಂದ ಮೇಲಿನಿಂದ ಹತ್ತಿ ಒಳಗೆ ಇಳಿಯಬೇಕಿತ್ತು. ದೊಡ್ಡಮ್ಮ ಸ್ಟೂಲು ಹತ್ತಿ ಕಾರಿನೊಳಗೆ ಇಳಿದ ಮೇಲೆ, ದೊಡ್ಡಪ್ಪ ಅದನ್ನು ಎತ್ತಿಕೊಂಡು ಹೋಗಿ ದೂರದಲ್ಲಿ ಹಾಕಿಕೊಂಡು, ಟ್ರ್ಯಾಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ರೇಸ್ ಮುಗಿಯುವವರೆಗೆ ತಿರುಗುತ್ತಿರಲಿಲ್ಲ. ಎದುರಿಗೆ ಸೋಡಾ ಅಂಗಡಿ. ಅದನ್ನೇ ದಿಟ್ಟಿಸುತ್ತ, ಪಕ್ಕದಲ್ಲಿದ್ದ ನಾದಿನಿಯನ್ನು, ಅಂದರೆ ನನ್ನ ಅಮ್ಮನನ್ನು, ಪ್ರತಿ ಸುತ್ತಿಗೂ ಕೇಳುವುದು: “ಬಂದ್ಲಾ?” ಅಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ಹಸಿರು ಬಣ್ಣ ಹುಡುಕಿ ಹೇಳುವುದು: “ಬಂದ್ಲು ಭಾವ.” ಹಾಗಾಗಿ ದೊಡ್ಡಮ್ಮನ ರೇಸುಗಳನ್ನು ನಮ್ಮ ಮನೆಯಲ್ಲಿ ಅಜ್ಜನ ಹೊರತು ಯಾರೂ ಸರಿಯಾಗಿ ನೋಡಿಲ್ಲ.

ಮೊದಲು ಕೊನೆಯವಳಾಗಿ ಬಂದಳು. ಆಗ ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಮಧ್ಯಕ್ಕೆ ಬಂದಳು, ಚಪ್ಪಾಳೆ ಕಮ್ಮಿಯಾಯಿತು. ಮುಂದಿನ ಸಾಲಿಗೆ ಬಂದಾಗ ಪೂರ್ತಿ ನಿಂತಿತು. ಉಳಿದ ಚಾಲಕರು ಅವಳನ್ನು ಸ್ಟೂಲಮ್ಮ ಎಂದು ಕರೆಯುತ್ತಿದ್ದರು. ಪತ್ರಿಕೆಯವನೊಬ್ಬ ಬಂದು, “ನೀವು ಹೀಗೆ ರೇಸಿಗೆ ಬಂದ್ರೆ ಮನೇಲಿ ಅಡುಗೆ ಯಾರು ಮಾಡ್ತಾರೆ?” ಎಂದಾಗ, “ಹಸಿವಾದೋರು” ಎಂದಳು. ಅವನು ಅದನ್ನು ಬರೆದುಕೊಳ್ಳಲಿಲ್ಲ.

ಟ್ರ್ಯಾಕಿನ ಕೊನೆಯಲ್ಲಿ ಕಂಬಗಳ ಮೇಲೆ ಒಂದು ನೀರಿನ ಟ್ಯಾಂಕು. ರಸ್ತೆ ಅದನ್ನು ಬಳಸಿಕೊಂಡು ತಿರುಗುತ್ತದೆ. ಟ್ಯಾಂಕಿ ತಿರುವು ಎಂದೇ ಹೆಸರು. ಗಂಡಸರೆಲ್ಲ ಅಲ್ಲಿಗೆ ಮೀಸೆ ತಿರುವುತ್ತ ನುಗ್ಗಿ, ಅರ್ಧದಲ್ಲಿ ಹೆದರಿ ಬ್ರೇಕ್ ಒತ್ತಿ, ರಸ್ತೆಯ ಆಚೆ ಅಂಚಿಗೆ ಬೀಸಿಹೋಗುತ್ತಿದ್ದರು. ದೊಡ್ಡಮ್ಮ ಮೊದಲೇ ನಿಧಾನ ಮಾಡಿ, ಕಂಬಕ್ಕೆ ಉಜ್ಜುವ ಹಾಗೆ ಒಳಗಿನಿಂದ ತಿರುಗಿಸಿ ಹೊರಗೆ ಹಾರುತ್ತಿದ್ದಳು. “ಬೈಯೋರ ಮನೆಗೆ ಹೋದ ಹಾಗೆ ಕಣೋ” ಎಂದು ನನಗೆ ಡ್ರೈವಿಂಗ್ ಕಲಿಸುವಾಗ ಹೇಳಿದ್ದಳು. “ಒಳಗೆ ಹೋಗೋವಾಗ ಮೆಲ್ಲಗೆ ಹೋಗ್ಬೇಕು, ಹೊರಗೆ ಬರೋವಾಗ ಒಂದೇ ಓಟ.”

ಆ ವರ್ಷದ ದೊಡ್ಡ ರೇಸು. ಕೊನೆಯ ಸುತ್ತು. ದೊಡ್ಡಮ್ಮ ಎರಡನೆಯವಳು. ಮುಂದಿನವನು ಟ್ಯಾಂಕಿಯ ಹತ್ತಿರ ಪ್ರತಿಸಲವೂ ಆಚೆಗೆ ಬೀಸಿಹೋಗುವವನು. ಇನ್ನೇನು ಬೇಕು? ಆ ಒಂದು ತಿರುವು ದಾಟಿದರೆ ಆಯಿತು. ಅಷ್ಟರಲ್ಲಿ ಟ್ಯಾಂಕಿಗೆ ಸ್ವಲ್ಪ ಈಚೆ ಕಪ್ಪು ಬಾವುಟ ಕಾಣಿಸಿತು. ಕಪ್ಪು ಬಾವುಟ ಎಂದರೆ, ನೀನು ರೇಸಿನಿಂದ ಹೊರಗೆ ಬಾ.

ಬೀಸಿದವನು ಕ್ಲಬ್ಬಿನ ನಿಯಮ ಸಮಿತಿಯ ಅತಿ ಕಿರಿಯ ಸದಸ್ಯ. ಸದಾ ಕೊರಳಲ್ಲಿ ಶಿಳ್ಳೆ ನೇತುಹಾಕಿಕೊಂಡು ಬೇಕಾದಾಗಲೂ ಬೇಡವಾದಾಗಲೂ ಊದುತ್ತಿದ್ದರಿಂದ ಊರಿಗೆಲ್ಲ ಶಿಳ್ಳೆ ಎಂದೇ ಪರಿಚಿತ. ಕಾರು ತಯಾರಿಸಿದವರು ಕೊಡದ ಯಾವ ವಸ್ತುವನ್ನೂ ಪೆಡಲುಗಳಿಗೆ ಜೋಡಿಸಬಾರದು ಎಂಬ ನಿಯಮವನ್ನು ಅವನು ಅಂದು ಬೆಳಿಗ್ಗೆ ಪತ್ತೆಹಚ್ಚಿದ್ದ. ಪಾದುಕೆಗಳನ್ನು ಕ್ಲಬ್ಬಿನವರೆಲ್ಲ ಎಷ್ಟೋ ವರ್ಷಗಳಿಂದ ನೋಡಿದ್ದರು. ಶಿಳ್ಳೆಯೇ ಒಮ್ಮೆ ಅದರ ಮೇಲೆ ಬೆರಳು ಬಡಿದು, “ಒಳ್ಳೆ ಮರ” ಎಂದು ಮೆಚ್ಚಿದ್ದ. ಆದರೆ ಹಿಂದೆ ಬರುವವರ ಪೆಡಲುಗಳನ್ನು ಯಾವ ನಿಯಮವೂ ಬಗ್ಗಿ ನೋಡುವುದಿಲ್ಲ.

ದೊಡ್ಡಮ್ಮ ಕಾರನ್ನು ಬದಿಗೆ ತಂದು ಎಂಜಿನ್ ಆರಿಸಿದಳು. ನಾನು ದೊಡ್ಡವನಾದ ಮೇಲೆ ಕೇಳಿದ್ದೇನೆ: “ನೋಡಲೇ ಇಲ್ಲ ಅಂತ ಹೇಳಿ ಹೋಗಬಹುದಿತ್ತಲ್ಲ ದೊಡ್ಡಮ್ಮ?” ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. “ಬಾವುಟ ಅಂದ್ರೆ ಬಾವುಟ” ಎಂದಳು.

ಸೋಡಾ ಅಂಗಡಿಯ ಕಡೆ ಮುಖ ಮಾಡಿ ಕೂತಿದ್ದ ದೊಡ್ಡಪ್ಪನಿಗೆ ಸಾಲು ಕಾರುಗಳ ಗದ್ದಲದಲ್ಲೂ ಅವಳ ಎಂಜಿನ್ನಿನ ದನಿ ಗುರುತು ಸಿಗುತ್ತಿತ್ತು. “ಬಂದ್ಲಾ? ಶಬ್ದ ಯಾಕೆ ನಿಂತ್ಹೋಯ್ತು?” ಎಂದು ಅವರು ಕೇಳಿದರಂತೆ. ಅಮ್ಮ ಮುಖದಿಂದ ಕೈ ತೆಗೆದಳಂತೆ.

ಮುಂದೆ ನಡೆದದ್ದು ಸಮಿತಿಗಳಲ್ಲಿ ನಡೆಯುವುದು. ಅಜ್ಜ ಜಗಳವಾಡಿದರು. ವಿಷಯವನ್ನು ಮುಂದಿನ ಸಭೆಗೆ ಇಟ್ಟರು, ಆ ಸಭೆ ಅದನ್ನು ಇನ್ನೊಂದು ಸಭೆಗೆ ಇಟ್ಟಿತು. ಪಾದುಕೆ ಇಲ್ಲದೆ ಬಂದರೆ ತಕರಾರಿಲ್ಲ ಎಂದು ಕ್ಲಬ್ಬಿನವರು ತುಂಬ ಉದಾರವಾಗಿ ಹೇಳಿದರು. ಮೀನಿಗೆ ನೀರಿಲ್ಲದೆ ಬಾ ಎಂದ ಹಾಗಾಯಿತು. ನಡುವೆ ಅಜ್ಜ ತೀರಿಕೊಂಡರು, ಗ್ಯಾರೇಜು ಮುಚ್ಚಿತು, ಹಸಿರು ಕಾರನ್ನು ಇಡಲು ಜಾಗವಿಲ್ಲದೆ ಕ್ಲಬ್ಬಿನ ಹಿಂದಿನ ಷೆಡ್ಡಿಗೆ ತಳ್ಳಿದರು. ದೊಡ್ಡಮ್ಮ ಡ್ರೈವಿಂಗ್ ಶಾಲೆ ತೆರೆದಳು. ಆ ಕಾರುಗಳ ಸೀಟು ಮುಂದಕ್ಕೆ ಸರಿಯುತ್ತಿತ್ತು, ಪಾದುಕೆಯ ಗೊಡವೆ ಇರಲಿಲ್ಲ. ಊರಿನ ಅರ್ಧ ಜನ ಅವಳ ಹತ್ತಿರವೇ ಕಲಿತವರು. ಮೊದಲ ಪಾಠ ರಿವರ್ಸ್. ಈಗಲೂ ನಮ್ಮೂರಿನವರು ಕಾರು ನಿಲ್ಲಿಸುವ ಚಂದವನ್ನು ಹೊರಗಿನವರು ನಿಂತು ನೋಡುತ್ತಾರೆ.

ಒಂದು ಮಾತ್ರ. ಅವಳು ಟ್ಯಾಂಕಿ ತಿರುವಿಗೆ ಮತ್ತೆ ಹೋಗಲಿಲ್ಲ. ಯಾರಾದರೂ ರೇಸಿನ ಮಾತು ಎತ್ತಿದರೆ ಕಿಟಕಿಯ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದಳು: “ಗೆಲ್ಲೋದು ಬಿಡು. ಆ ತಿರುವು ನನ್ನದು ಬಾಕಿ ಇದೆ. ಆ ಕಾರಲ್ಲಿ ಒಂದ್ಸಲ ತಿರುಗಿಸಿಬಿಟ್ರೆ ಸಾಕು.”

ಕ್ಲಬ್ಬಿಗೆ ಸುವರ್ಣ ವರ್ಷ ಬಂತು. ಶಿಳ್ಳೆ ಈಗ ಅಧ್ಯಕ್ಷರು. ಹೊಟ್ಟೆ ಬಂದಿದೆ, ಬಹುವಚನ ಬಂದಿದೆ, ಶಿಳ್ಳೆಗೆ ಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದಾರೆ. ಒಂದು ದಿನ ಹೂಗುಚ್ಛ ಹಿಡಿದು ದೊಡ್ಡಮ್ಮನ ಮನೆಗೆ ಬಂದರು. ಕೂರಲು ಅವಳ ಕುರ್ಚಿಯನ್ನೇ ಆರಿಸಿಕೊಂಡರು. ಮೊಣಕಾಲು ಗದ್ದಕ್ಕೆ ಬಂತು. ಆದರೂ ಗಾಂಭೀರ್ಯ ಬಿಡಲಿಲ್ಲ.

“ನಿಮಗೆ ಸನ್ಮಾನ ಮಾಡ್ಬೇಕು ಅಂತ ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ. ನೀವು ನಮ್ಮ ಹೆಮ್ಮೆ. ನಿಮ್ಮ ಕೊನೇ ರೇಸಿನಲ್ಲಿ ಬಾವುಟ ಹಿಡಿಯೋ ಭಾಗ್ಯ ನನ್ನದಾಗಿತ್ತು, ನೆನಪಿದೆಯಾ?”

ದೊಡ್ಡಮ್ಮ ಅವರನ್ನು ನೋಡಿದಳು. ಅಣಕ ಇರಲಿಲ್ಲ. ಬಾವುಟ ಹಿಡಿದದ್ದು ನೆನಪಿತ್ತು, ಯಾವ ಬಣ್ಣದ್ದು ಎಂಬುದು ಪೂರ್ತಿ ಮರೆತುಹೋಗಿತ್ತು. ಮರೆತವರ ಜೊತೆ ಜಗಳವಾಡುವುದು ಹೇಗೆ?

“ನೆನಪಿದೆ” ಎಂದಳು. “ಆ ಕಾರು ಇದೆಯಾ?”

“ಅದೇ ನೋಡಿ ವಿಶೇಷ! ತಜ್ಞರನ್ನ ಕರೆಸಿ ಹೊಸದರ ಹಾಗೆ ಮಾಡಿಸ್ತಿದ್ದೀವಿ.”

“ಹಾಗಾದ್ರೆ ಹೂವು ಗೀವು ಬೇಡ. ಅದರಲ್ಲಿ ನಾನೇ ಒಂದು ಸುತ್ತು ಓಡಿಸ್ಬೇಕು.”

ಅಧ್ಯಕ್ಷರು ಕುರ್ಚಿಯಿಂದ ಏಳಲು ಯತ್ನಿಸಿ, ಆಗದೆ, “ಸಮಿತಿ ಮುಂದೆ ಇಡ್ತೀನಿ” ಎಂದರು.

ಸಮಿತಿ ಒಪ್ಪುವುದು ಸುಲಭವಾಯಿತು, ಅಮ್ಮ ಒಪ್ಪುವುದು ಕಷ್ಟವಾಯಿತು. “ಅಕ್ಕ, ಈ ವಯಸ್ಸಲ್ಲಿ ನಿಂಗ್ಯಾಕೆ ಈ ಉಸಾಬರಿ? ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರ್ಯಾರು?”

“ಕಾರಲ್ಲಿ ಕೂತೋರು ಬೀಳ್ತಾರೇನೇ? ನೀನು ಮೆಟ್ಟಿಲಲ್ಲಿ ಬಿದ್ದೆಯಲ್ಲ, ಹೋದ ತಿಂಗಳು, ನಿಂತ ಮೆಟ್ಟಿಲಲ್ಲಿ.”

ಡಾಕ್ಟರು ಪರೀಕ್ಷೆ ಮಾಡಿ ಎಲ್ಲ ಸರಿಯಾಗಿದೆ ಎಂದರು. ಅವರೂ ಅವಳ ಬಳಿ ರಿವರ್ಸ್ ಕಲಿತವರೇ.

ದೊಡ್ಡಪ್ಪನಿಗೆ ಮಾತ್ರ ಬೇರೆ ಚಿಂತೆ. ಅವರ ಕೈ ಈಗ ನಡುಗುತ್ತದೆ. ಲೋಟ ಹಿಡಿದರೆ ಅರ್ಧ ನೆಲಕ್ಕೆ ಹೋಗುತ್ತದೆ. ಉಳಿ ಮುಟ್ಟಿ ಕಾಲವಾಗಿದೆ. “ಪಾದುಕೆ ಒಂದ್ಸಲ ನೋಡ್ಬೇಕಿತ್ತು ಕಣೋ” ಎಂದು ನನ್ನನ್ನು ಹತ್ತಿರ ಕರೆದು ಹೇಳಿದರು. “ಮರಕ್ಕೇನೂ ಆಗಿರಲ್ಲ. ಅಂಟಿನದೇ ಭಯ. ಅಷ್ಟು ವರ್ಷ ಷೆಡ್ಡಲ್ಲಿ ಬಿದ್ದಿದೆ. ಎಡಗಾಲಿನದು ಬಿಟ್ಟುಕೊಂಡ್ರೆ ಅವಳಿಗೆ ಕ್ಲಚ್ಚು ಸಿಗಲ್ಲ.”

ದೊಡ್ಡಮ್ಮ ದೊಡ್ಡಪ್ಪ ಇಬ್ಬರನ್ನೂ ಕರೆದುಕೊಂಡು ಕ್ಲಬ್ಬಿಗೆ ಹೋದೆ. ಷೆಡ್ಡಿನ ಬಾಗಿಲಲ್ಲಿ ತಜ್ಞರು ಅಡ್ಡ ನಿಂತರು. ಬಿಳಿ ಕೋಟು ಹಾಕಿಕೊಂಡಿದ್ದರು. ಕಾರಿನ ಮಾತು ಬಂದರೆ ದನಿ ತಗ್ಗಿಸಿ, ಆಪರೇಷನ್ ಆದ ರೋಗಿಯ ಸುದ್ದಿ ಹೇಳುವವರ ಹಾಗೆ ಮಾತಾಡುತ್ತಿದ್ದರು.

“ಈಗ ತೋರ್ಸೋಕಾಗಲ್ಲ ಮೇಡಂ. ಅವತ್ತು ಪರದೆ ಸರಿಸಿದಾಗ ನೀವು ಮೊದಲ ಸಲ ನೋಡ್ಬೇಕು. ಸರ್‌ಪ್ರೈಸ್.”

“ನನ್ನ ಕಾರು ನನಗೇನು ಸರ್‌ಪ್ರೈಸು? ಒಂದ್ಸಲ ಕೂತು ಕಾಲಿಟ್ಟು ನೋಡ್ತೀನಿ, ಅಷ್ಟೇ.”

“ಫೋಟೋದಲ್ಲಿ ನಿಮ್ಮ ಮುಖದ ಆಶ್ಚರ್ಯ ನಿಜವಾಗಿ ಬರ್ಬೇಕು ಅಂತ ಅಧ್ಯಕ್ಷರ ಆಸೆ ಮೇಡಂ.”

ಅಧ್ಯಕ್ಷರಿಗೆ ಫೋನ್ ಮಾಡಿದೆ. “ನೀವೇ ಗುಟ್ಟು ಹಾಳು ಮಾಡ್ತೀರಲ್ಲ!” ಎಂದು ಮುದ್ದಿನಿಂದ ಗದರಿದರು. ಮತ್ತೊಮ್ಮೆ ನಾನೊಬ್ಬನೇ ಹೋದೆ. ಬಾಗಿಲಿಗೆ ಬೀಗ, ಒಳಗೆ ರೇಡಿಯೋ. ಬಡಿದರೆ ರೇಡಿಯೋದ ದನಿ ಜೋರಾಯಿತು, ಬಾಗಿಲು ತೆರೆಯಲಿಲ್ಲ. ಮನೆಗೆ ಬಂದು ಹೇಳಿದಾಗ ದೊಡ್ಡಮ್ಮ, “ಹೋಗ್ಲಿ ಬಿಡಿ. ಕಾರು ಕೊಡೋವಾಗ ಪಾದುಕೆ ಅದರಲ್ಲೇ ಇದ್ವು. ಅದನ್ಯಾಕೆ ಮುಟ್ತಾರೆ, ಯಾರ ಗಂಟು ತಿಂದಿವೆ ಅವು?” ಎಂದಳು. ದೊಡ್ಡಪ್ಪ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು.

ಆ ದಿನ ಬಂತು. ಟ್ರ್ಯಾಕಿನ ಪಕ್ಕದಲ್ಲಿ ಬಣ್ಣದ ಚಪ್ಪರ, ಮೈಕು, ಸಾಲುಸಾಲು ಪ್ಲಾಸ್ಟಿಕ್ ಕುರ್ಚಿ. ದೂರದಲ್ಲಿ ಅದೇ ಟ್ಯಾಂಕು, ಒಂದು ಕಡೆ ವಾಲಿಕೊಂಡು. ದೊಡ್ಡಮ್ಮ ಹಳೇ ಚರ್ಮದ ಕೈಗವಸು ಹಾಕಿಕೊಂಡು ಬಂದಿದ್ದಳು. ದೊಡ್ಡಪ್ಪ ಮನೆಯಿಂದ ಸ್ಟೂಲು ಹೊತ್ತು ತಂದಿದ್ದರು. ನಾನು ಹಿಡಿಯುತ್ತೇನೆ ಎಂದರೆ ಕೊಡಲಿಲ್ಲ. ಅಧ್ಯಕ್ಷರು ಬಹಳ ಹೊತ್ತು ಮಾತಾಡಿದರು. ಮಹಿಳೆಯರಿಗೆ ಮೊದಲು ಬಾಗಿಲು ತೆರೆದ ಕ್ಲಬ್ ನಮ್ಮದು ಎಂದು ಮೂರು ಬೇರೆ ಬೇರೆ ರೀತಿಯಲ್ಲಿ ಹೇಳಿ, ಪರದೆ ಎಳೆದರು.

ಕಾರು ಕೆನೆಬಣ್ಣದ್ದಾಗಿತ್ತು. ಅಜ್ಜನ ಗೇಟಿನ ಹಸಿರು ಒಂದು ಚುಕ್ಕೆಯೂ ಉಳಿದಿರಲಿಲ್ಲ. ದೊಡ್ಡಮ್ಮನ ಮುಖದಲ್ಲಿ ನಿಜವಾದ ಆಶ್ಚರ್ಯ ಮೂಡಿತು. ಕ್ಯಾಮೆರಾಗಳು ಅದನ್ನು ಹಿಡಿದವು.

“ತಯಾರಾದ ದಿನ ಯಾವ ಬಣ್ಣ ಇತ್ತೋ ಅದೇ ಬಣ್ಣ” ಎಂದು ತಜ್ಞರು ಪಿಸುದನಿಯಲ್ಲಿ ಮೈಕಿಗೆ ಹೇಳಿದರು. “ರೇಸ್ ಗುರುತಿಗೆ ಇಟ್ಟ ಬೆಸುಗೆ ಬಾಗಿಲು, ಬಿಗಿದ ಸೀಟು ಬಿಟ್ರೆ ಒಂದು ಸ್ಕ್ರೂ ಕೂಡ ಹೊರಗಿಂದು ಇಲ್ಲ.”

ದೊಡ್ಡಮ್ಮ ಸ್ಟೂಲು ಹತ್ತಿ ಒಳಗೆ ಇಳಿದಳು. ದೊಡ್ಡಪ್ಪ ಸ್ಟೂಲು ಎತ್ತಿಕೊಂಡು ಚಪ್ಪರದ ಆ ತುದಿಗೆ ಹೋಗಿ, ಟ್ರ್ಯಾಕಿಗೆ ಬೆನ್ನು ಮಾಡಿ ಕೂತರು. ಈಗ ಅಲ್ಲಿ ಸೋಡಾ ಅಂಗಡಿ ಇಲ್ಲ, ಒಂದು ಕಾಂಪೌಂಡ್ ಗೋಡೆ ಇದೆ. ಅದನ್ನೇ ನೋಡತೊಡಗಿದರು. ಅಮ್ಮ ಅವರ ಪಕ್ಕದಲ್ಲಿ.

ನಾನು ಕಾರಿನ ಹತ್ತಿರವೇ ಇದ್ದೆ. ದೊಡ್ಡಮ್ಮ ಕಾಲು ಚಾಚಿದಳು. ಒಮ್ಮೆ ಕೆಳಗೆ ಬಗ್ಗಿ ನೋಡಿದಳು. ಮತ್ತೆ ಚಾಚಿದಳು. ಪೆಡಲುಗಳು ಪಳಪಳ ಹೊಳೆಯುತ್ತಿದ್ದವು. ಅವಳ ಬೂಟಿನ ತುದಿಗೂ ಅವಕ್ಕೂ ನಡುವೆ ಗೇಣುದ್ದ ಬರಿ ಗಾಳಿ.

“ಪಾದುಕೆ ಎಲ್ಲಿ?” ಎಂದಳು, ನನ್ನನ್ನೋ ತಜ್ಞರನ್ನೋ.

“ಅದಾ ಮೇಡಂ? ಪೆಡಲ್ ಮೇಲೆ ಯಾರೋ ಕಟ್ಟಿಗೆ ಬಡಿದಿಟ್ಟಿದ್ರು. ಬಂದ ಮೊದಲ ದಿನವೇ ತೆಗೆಸಿದೆ. ಗುಜರಿ ಜೊತೆ ಹೋಯ್ತು.” ತಜ್ಞರು ಮೆಚ್ಚುಗೆಗೆ ಕಾದರು.

ಆಮೇಲೆ ನಡೆದದ್ದನ್ನು ಬೇರೆ ಯಾರದೋ ಮನೆಯದಾಗಿದ್ದರೆ ನಾನು ನಗುತ್ತ ಬರೆಯುತ್ತಿದ್ದೆ. ಸನ್ಮಾನದ ಹೂಗುಚ್ಛ ಕೈಯಲ್ಲೇ ಹಿಡಿದು ಅಧ್ಯಕ್ಷರು ಬಗ್ಗಿ ನೋಡಿದರು. ಯಾರೋ ಅತಿಥಿಗಳ ಕುರ್ಚಿಯಿಂದ ದಿಂಬು ತಂದರು. ಬೆನ್ನಿಗೆ ಒಂದು, ಎರಡು, ಮೂರು ತುರುಕಿದರು. ದೊಡ್ಡಮ್ಮನ ಎದೆ ಸ್ಟೀರಿಂಗಿಗೆ ಒತ್ತಿತು. ಬ್ರೇಕ್ ಕಾಲ್ಬೆರಳ ತುದಿಗೆ ಸಿಕ್ಕಿತು, ಕ್ಲಚ್ಚು ಸಿಗಲಿಲ್ಲ. “ಒಂದು ಮರದ ತುಂಡು ಕಟ್ಟೋಣ, ಇಟ್ಟಿಗೆಯಾದ್ರೂ ಸರಿ” ಎಂದೆ. ತಜ್ಞರು ಹೌಹಾರಿದರು. “ಆ ಪೆಡಲ್ ಮೇಲೆ ಗೀರು ಬಿದ್ರೆ ಯಾರು ಹೊಣೆ? ಈ ಕಾರು ಈಗ ಮೂಲರೂಪದಲ್ಲಿದೆ ಸ್ವಾಮಿ!” ಅಧ್ಯಕ್ಷರು ಕ್ಷಣ ಯೋಚಿಸಿ, “ನಿಯಮದ ಪ್ರಕಾರವೂ ಪೆಡಲಿಗೆ ಏನೂ ಕಟ್ಟೋ ಹಾಗಿಲ್ಲ ಅಂತ ಎಲ್ಲೋ ಓದಿದ ನೆನಪು” ಎಂದರು.

ದೊಡ್ಡಮ್ಮ ಸೀಟಿನಿಂದ ಪೂರ್ತಿ ಜಾರಿ, ಗದ್ದ ಸ್ಟೀರಿಂಗಿನ ಕೆಳಗೆ ಬರುವಷ್ಟು ಇಳಿದು, ಎಡಗಾಲಿನಿಂದ ಕ್ಲಚ್ಚನ್ನು ಅರ್ಧ ಒತ್ತಿ ಗೇರ್ ಹಾಕಲು ನೋಡಿದಳು. ಕಾರು ಕಿರುಚಿ, ಒಮ್ಮೆ ಜಿಗಿದು ನಿಂತಿತು. ಮತ್ತೆ ಎಂಜಿನ್ ಹೊತ್ತಿಸಿದಳು. ಮತ್ತೆ ಕಿರುಚಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಹಿಂದೆ ಕೊನೆಯವಳಾಗಿ ಬಂದಾಗ ತಟ್ಟಿದ್ದರಲ್ಲ, ಬಹುಶಃ ಅದೇ ಚಪ್ಪಾಳೆ.

“ತಳ್ಳೋಣ!” ಎಂದರು ಅಧ್ಯಕ್ಷರು. ಅವರ ಮುಖ ಅರಳಿತು. “ಸಮಿತಿಯವರೆಲ್ಲ ಸೇರಿ ನಮ್ಮ ಹೆಮ್ಮೆಯ ಚಾಲಕಿಯನ್ನ ಒಂದು ಸುತ್ತು ತಳ್ಳೋಣ. ಇದಕ್ಕಿಂತ ದೊಡ್ಡ ಗೌರವ ಬೇಕೇ?”

“ಬೇಡ, ಇಳೀತೀನಿ” ಎಂದು ದೊಡ್ಡಮ್ಮ ಹೇಳಿದ್ದು ಮೈಕಿನ ಗದ್ದಲದಲ್ಲಿ ಯಾರಿಗೂ ಮುಟ್ಟಲಿಲ್ಲ. ಕೋಟು ಕಳಚಿ ಸಮಿತಿ ಹಿಂದೆ ನಿಂತಿತು. ಕಾರು ಉರುಳತೊಡಗಿತು. ಆಗ ಅವಳು ಸ್ಟೀರಿಂಗ್ ಹಿಡಿದಳು. ಟ್ಯಾಂಕು ಎದುರಿಗಿತ್ತು. ಕಾರು ರಸ್ತೆಯ ಆಚೆ ಅಂಚಿಗೆ ಮೆಲ್ಲಗೆ ಸರಿಯುವುದನ್ನು ನಾನು ಇಲ್ಲಿಂದಲೇ ಕಂಡೆ. ಕಂಬಕ್ಕೆ ಉಜ್ಜಿಕೊಂಡು ತಿರುಗಬೇಕಾದವರು ಮೊದಲು ಹಾಗೆ ಸರಿಯಬೇಕು. ತಳ್ಳುವವರು ಅದನ್ನು ತಿಳಿಯದೆ, “ಮೇಡಂ, ನೇರ ಹಿಡೀರಿ, ನೇರ!” ಎಂದು ಕೂಗುತ್ತಿದ್ದರು.

ನಾನು ಅಮ್ಮನ ಬಳಿಗೆ ಹೋದೆ.

“ಎಂಜಿನ್ ಎರಡು ಸಲ ನಿಲ್ತು” ಎಂದರು ದೊಡ್ಡಪ್ಪ ಗೋಡೆಗೆ. “ಕ್ಲಚ್ ಸಿಕ್ಕಿಲ್ಲ ಅವಳಿಗೆ. ನಾನು ಹೇಳಿದ್ದೆನಲ್ಲ, ಎಡಗಾಲಿನದು. ನನ್ನ ಅಂಟು ಬಿಟ್ಟುಬಿಡ್ತು.”

ಅಮ್ಮನಿಗೆ ನಾನು ಕಿವಿಯಲ್ಲಿ ಹೇಳಿಯಾಗಿತ್ತು. ಅವಳು ಈ ಸಲ ಮುಖ ಮುಚ್ಚಿಕೊಂಡಿರಲಿಲ್ಲ. “ಇಲ್ಲ ಭಾವ, ಹೊರಟಳು. ಹೋಗ್ತಾ ಇದಾಳೆ” ಎಂದಳು.

“ಶಬ್ದವೇ ಇಲ್ಲ?”

“ಹೊಸದಾಗಿ ಮಾಡಿಸಿದಾರಲ್ಲ ಭಾವ. ಶಬ್ದ ಬರಲ್ಲವಂತೆ.”

ಅವರು ನಂಬಿದರೋ ಇಲ್ಲವೋ. ಸ್ವಲ್ಪ ಹೊತ್ತು ಬಿಟ್ಟು, “ಟ್ಯಾಂಕಿ ದಾಟಿದ್ಲಾ?” ಎಂದರು.

ಟ್ಯಾಂಕಿಗೆ ಸ್ವಲ್ಪ ಈಚೆ ಕಾರು ನಿಂತಿತ್ತು. ಸಮಿತಿಯ ಉಸಿರು ಅಷ್ಟಕ್ಕೇ ಇತ್ತು. ಫೋಟೋದವರೂ ಸಾಕೆಂದು ಕೈ ಬೀಸಿದ್ದರು. ಅಂದು ಬಾವುಟ ಕಂಡ ಜಾಗವೂ ಅಲ್ಲೇ ಎಲ್ಲೋ ಇರಬೇಕು. ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತ, ಬೆನ್ನು ತಟ್ಟಿಸಿಕೊಳ್ಳುತ್ತ, ಎಲ್ಲರ ಜೊತೆ ಚಹಾದ ಕಡೆ ನಡೆದು ಬರುತ್ತಿದ್ದರು. ಕಾರಿನಲ್ಲಿ ದೊಡ್ಡಮ್ಮ ಒಬ್ಬಳೇ. ಕೈ ಸ್ಟೀರಿಂಗಿನ ಮೇಲೆ. ಇಳಿಯಲು ಬಾಗಿಲಿಲ್ಲ, ಕಾಲಿಡಲು ಏನೂ ಇಲ್ಲ. ಅಷ್ಟು ದೂರದಿಂದ ಅವಳು ಯಾರನ್ನೂ ಕರೆಯಲಿಲ್ಲ.

“ಏನೇ, ದಾಟಿದ್ಲಾ ಅಂತ ಕೇಳಿದೆ.”

ಅಮ್ಮ ನನ್ನ ಮುಖ ನೋಡಿದಳು. ಇನ್ನೊಂದು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಇರಲಿಲ್ಲ.

“ದೊಡ್ಡಪ್ಪ, ಸ್ವಲ್ಪ ಏಳ್ತೀರಾ?” ಎಂದೆ. “ಸ್ಟೂಲು ಬೇಕಿತ್ತು.”

ಅವರು ಎದ್ದರು. ಸ್ಟೂಲು ಯಾಕೆ ಬೇಕು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದನ್ನು ನನ್ನ ಕೈಗೆ ಕೊಟ್ಟರು. ಮುಖ ಗೋಡೆಯ ಕಡೆಯೇ ಇತ್ತು.

“ಬೇರೆ ಅಂಟು ಹಾಕ್ಬೇಕಿತ್ತು” ಎಂದರು.

“ಅಂಟು ಬಿಟ್ಟಿಲ್ಲ ದೊಡ್ಡಪ್ಪ.”

“ಮತ್ತೆ?”

ನಾನು ಸ್ಟೂಲು ಹೊತ್ತು ಟ್ಯಾಂಕಿಯ ಕಡೆ ನಡೆದೆ. ಹಿಂದಿನಿಂದ ಮತ್ತೊಮ್ಮೆ ಕೇಳಿಸಿತು, “ಮತ್ತೆ?”